ಫಾರ್ಮ್ಯಾಟ್ ಹೊಡೆಯುವ ಮುಂಚೆ

ಕೆಟ್ಟ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದರೆ ಅಲ್ಲಿಯ ಹುಡುಗ ಒಂದು ಮಾತು ಕೇಳುತ್ತಾನೆ: ‘ಸಾರ್, ಇದ್ರಲ್ಲಿ ಡೇಟಾ ಏನಾದ್ರೂ ಬೇಕಾ? ಇಲ್ಲಾಂದ್ರೆ ಫಾರ್ಮ್ಯಾಟ್ ಹೊಡೆದುಬಿಡ್ತೀನಿ.’ ಉತ್ತರ ಹೇಳಲು ಸಿಗುವುದು ಅರ್ಧ ನಿಮಿಷ. ಹಿಂದೆ ಇನ್ನಿಬ್ಬರು ಲ್ಯಾಪ್‌ಟಾಪ್ ಹಿಡಿದು ನಿಂತಿರುತ್ತಾರೆ. ‘ಅಂಥದ್ದೇನೂ ಇಲ್ಲಪ್ಪ, ಹೊಡಿ’ ಎಂದು ಅಜ್ಜ ಹೇಳಿಬಿಟ್ಟರೆ ಸಂಜೆಗೆ ಕಂಪ್ಯೂಟರ್ ಹೊಸದರಂತೆ ಓಡುತ್ತದೆ. ಅಜ್ಜ ಹದಿನೈದು ವರ್ಷ ಕೂತು ಬರೆದದ್ದು ಮಾತ್ರ ಅದರಲ್ಲಿ ಇರುವುದಿಲ್ಲ.

ಹೊಳಲ್ಕೆರೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಜ್ಜ ನಿವೃತ್ತ ಮೇಷ್ಟ್ರು. ಮೊಮ್ಮಗಳು ಎಂಟನೇ ಕ್ಲಾಸು. ನಡುಮನೆಯ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಹಳೆಯ ಕಂಪ್ಯೂಟರ್. ಅಡಿಕೆ ತೋಟದ ಲೆಕ್ಕ, ಊರ ಜಾತ್ರೆಯ ವಿವರ, ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳು, ಮಗನಿಗೆ ಬರೆದ ಪತ್ರಗಳು ಎಲ್ಲ ಅದರಲ್ಲಿವೆ. ಈಚೆಗೆ ಅದು ಆನ್ ಆಗಲು ಕಾಲು ಗಂಟೆ ಬೇಕು. ಆದಮೇಲೂ ನೀಲಿ ಪರದೆ ತೋರಿಸಿ ತನ್ನಷ್ಟಕ್ಕೆ ಆಫ್ ಆಗುತ್ತದೆ. ಇಂಥ ಮನೆ ಹೊಳಲ್ಕೆರೆಯಲ್ಲಿ ಒಂದೇ ಇರಲಾರದು.

ಮೊದಲು ಒಂದು ಸಂಗತಿ ತಿಳಿದುಕೊಳ್ಳೋಣ. ಕಂಪ್ಯೂಟರಿನಲ್ಲಿ ಇರುವುದು ಎರಡು ಬಗೆ. ಒಂದು, ವಿಂಡೋಸ್ ಮತ್ತು ಅದರ ಮೇಲೆ ಓಡುವ ಪ್ರೋಗ್ರಾಂಗಳು. ಇನ್ನೊಂದು, ನಾವು ಮಾಡಿಟ್ಟ ಕಡತಗಳು, ಫೋಟೋಗಳು. ಅಡುಗೆಮನೆಯ ಜಾಡಿ ಒಡೆದರೆ ಸಂತೆಯಲ್ಲಿ ಇನ್ನೊಂದು ಸಿಗುತ್ತದೆ. ಜಾಡಿಯೊಳಗಿದ್ದ ಅಜ್ಜಿಯ ಮಾವಿನಕಾಯಿ ಉಪ್ಪಿನಕಾಯಿ ಸಂತೆಯಲ್ಲಿ ಸಿಗುವುದಿಲ್ಲ. ವಿಂಡೋಸ್ ಎನ್ನುವುದು ಜಾಡಿ. ಫಾರ್ಮ್ಯಾಟ್ ಎಂದರೆ ಜಾಡಿಯನ್ನು ಖಾಲಿ ಮಾಡಿ ತೊಳೆದಿಡುವ ಕೆಲಸ. ಹಾಗಾಗಿ ತೊಳೆಯುವ ಮುಂಚೆ ಒಳಗಿನದನ್ನು ಬೇರೆ ಕಡೆ ತೆಗೆದಿಡಬೇಕು. ಬ್ಯಾಕಪ್ ಎನ್ನುವುದು ಇಷ್ಟೇ.

ತೆಗೆದಿಡುವುದು ಎಲ್ಲಿಂದ? ಇಲ್ಲಿ ಬಹಳ ಜನ ಎಡವುತ್ತಾರೆ. ‘ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೀನಿ, ಕಣ್ಣೆದುರಿಗೇ ಇದೆಯಲ್ಲ’ ಎಂದು ಅಜ್ಜ ನಂಬಿರುತ್ತಾರೆ. ಆದರೆ ಡೆಸ್ಕ್‌ಟಾಪ್ ಎಂಬುದು ಬೇರೆ ಜಾಗವಲ್ಲ, ಅದು ಸಿ ಡ್ರೈವಿನೊಳಗಿನ ಒಂದು ಫೋಲ್ಡರ್. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಕೂಡ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ವಿಂಡೋಸ್ ಇರುವುದೂ ಸಿ ಡ್ರೈವಿನಲ್ಲೇ, ಫಾರ್ಮ್ಯಾಟ್ ಹೊಡೆಯುವುದೂ ಅದನ್ನೇ. ಡಿ ಡ್ರೈವ್ ಇದ್ದರೆ ಅದರಲ್ಲಿರುವುದು ಉಳಿಯಬಹುದು. ಆದರೆ ಅದನ್ನೂ ನಂಬಿ ಕೂರಬಾರದು. ಯಾಕೆಂದು ಮುಂದೆ ಹೇಳುತ್ತೇನೆ.

ಜಾಗದ ಲೆಕ್ಕ ಕೇಳಿದರೆ ಮಕ್ಕಳಿಗೆ ನಗು ಬರುತ್ತದೆ. ಒಂದು ಪತ್ರದ ಕಡತ 50 ಕೆಬಿ ಎಂದಿಟ್ಟುಕೊಳ್ಳಿ. ಅಂಥ 300 ಪತ್ರಕ್ಕೆ 15 ಎಂಬಿ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ 3 ಎಂಬಿ ಎಂದರೂ ಅಜ್ಜನ ಮುನ್ನೂರು ಪತ್ರಗಳಿಗೆ ಬೇಕಾದ ಜಾಗ ಐದೇ ಫೋಟೋದಷ್ಟು! ಮದುವೆ ಮನೆಯ 2000 ಫೋಟೋಗೆ ಮಾತ್ರ 6 ಜಿಬಿ ಬೇಕಾಗುತ್ತದೆ. 32 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಎರಡೂ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ.

ಕನ್ನಡದಲ್ಲಿ ಬರೆದವರಿಗೆ ಇನ್ನೊಂದು ಕಾಟ ಇದೆ. ಇಂಗ್ಲಿಷಿನಲ್ಲಿ ಬರೆದವರಿಗೆ ಇದು ಗೊತ್ತೇ ಇಲ್ಲ. ಕಡತವನ್ನು ಜೋಪಾನವಾಗಿ ನಕಲು ಮಾಡಿ, ವಿಂಡೋಸ್ ಹೊಸದಾಗಿ ಹಾಕಿ, ಮತ್ತೆ ತೆರೆದರೆ ಪರದೆಯ ಮೇಲೆ ಕನ್ನಡವೇ ಇರುವುದಿಲ್ಲ. ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಎಳೆದ ಎ, ಬ್ರಿಟನ್ನಿನ ಪೌಂಡ್ ಗುರುತು, ಜರ್ಮನ್ ಭಾಷೆಯ ಒಂದು ಅಕ್ಷರ, ಹೀಗೆ ಏನೇನೋ ಸಾಲಾಗಿ ನಿಂತಿರುತ್ತವೆ. ‘ವೈರಸ್ ತಿಂದುಹಾಕಿದೆ’ ಎಂದು ಎಷ್ಟೋ ಮಂದಿ ಅಂಥ ಕಡತಗಳನ್ನು ಅಳಿಸಿಬಿಡುತ್ತಾರೆ. ದಯವಿಟ್ಟು ಅಳಿಸಬೇಡಿ. ಕಡತ ಕೆಟ್ಟಿಲ್ಲ.

ಆಗಿರುವುದು ಇಷ್ಟು. ಕಂಪ್ಯೂಟರ್ ಅಕ್ಷರಗಳನ್ನು ಅಂಕಿಗಳಾಗಿ ನೆನಪಿಡುತ್ತದೆ. ಆ ಕಾಲದ ಫಾಂಟುಗಳಲ್ಲಿ ಒಟ್ಟು 256 ಅಂಕಿಗಳಿಗೆ ಜಾಗ. ಅವನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳೇ ತುಂಬಿಕೊಂಡಿದ್ದವು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಒಂದು ಜಾಣ ದಾರಿ ಹಿಡಿದವು. ಆ ಜಾಗಗಳ ಮೇಲೆ ಇಂಗ್ಲಿಷ್ ಅಕ್ಷರದ ಬದಲು ಕನ್ನಡದ ತುಂಡುಗಳನ್ನು ಚಿತ್ರಿಸಿ ಫಾಂಟ್ ಮಾಡಿದವು. ಕಡತದಲ್ಲಿ ಇರುವುದು ಇಂಗ್ಲಿಷ್ ‘ಪಿ’ಯ ಅಂಕಿಯೇ. ನುಡಿ ಫಾಂಟ್ ಕಂಪ್ಯೂಟರಿನಲ್ಲಿ ಇದ್ದರೆ ಅದು ಕನ್ನಡದ ತುಂಡಾಗಿ ಕಾಣುತ್ತದೆ, ಫಾಂಟ್ ಇಲ್ಲದಿದ್ದರೆ ಪಿ ಆಗಿಯೇ ಕಾಣುತ್ತದೆ. ಆ ಕಾಲಕ್ಕೆ ಅದು ಉಪಕಾರವೇ. ನಾಡಿನ ಕಚೇರಿ, ಪತ್ರಿಕೆ, ಮನೆಗಳಲ್ಲಿ ಕನ್ನಡ ಟೈಪ್ ಮಾಡಿದವರು ಈ ಎರಡಕ್ಕೆ ಋಣಿಗಳು. ಆದರೆ ವಿಂಡೋಸ್ ಹೊಸದಾಗಿ ಹಾಕಿದಾಗ ಪ್ರೋಗ್ರಾಂಗಳ ಜೊತೆ ಈ ಫಾಂಟುಗಳೂ ಹೋಗುತ್ತವೆ.

ಆದ್ದರಿಂದ ಬ್ಯಾಕಪ್ ತೆಗೆಯುವಾಗ ಕಡತಗಳ ಜೊತೆಗೇ ಫಾಂಟುಗಳನ್ನೂ ನಕಲು ಮಾಡಿಕೊಳ್ಳಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಎಂಬ ಫೋಲ್ಡರ್ ಇದೆ. ಅದರಲ್ಲಿ ನುಡಿ ಎಂದು ಶುರುವಾಗುವವನ್ನೂ, ಬರಹದವಾದರೆ ಇಂಗ್ಲಿಷಿನ ಬಿ, ಆರ್, ಎಚ್ ಎಂದು ಶುರುವಾಗುವವನ್ನೂ ಆರಿಸಿ. ಯಾವ ಕಡತ ಯಾವ ಫಾಂಟಿನಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಹೌದು, ಕಾಗದದ ಚೀಟಿಯೇ. ಅದನ್ನು ಓದಲು ಕರೆಂಟೂ ಬೇಡ, ಫಾಂಟೂ ಬೇಡ.

ಅಕ್ಷರ ಇದ್ದೂ ಓದಲಾಗದ ಸ್ಥಿತಿ ನಮ್ಮ ಚಿತ್ರದುರ್ಗ ಜಿಲ್ಲೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೇ ಶತಮಾನದವು. ಬ್ರಾಹ್ಮಿ ಲಿಪಿಯನ್ನು ಓದುವುದೇ ಜನಕ್ಕೆ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಗುಟ್ಟು ಬಿಡಿಸಿದ ಮೇಲೆ ಅದು ಮತ್ತೆ ಮಾತಾಗಿ ಕೇಳಿಸಿತು. ಅಲ್ಲಿಯವರೆಗೂ ಅದು ಫಾಂಟ್ ಕಳೆದುಕೊಂಡ ಕಡತವೇ. ನಮ್ಮ ಜಿಲ್ಲೆಯ ಈ ಶಾಸನಗಳನ್ನು 1892ರಲ್ಲಿ ಪತ್ತೆ ಮಾಡಿದವರು ಬಿ. ಎಲ್. ರೈಸ್.

ಇನ್ನೊಂದು ವಿಷಯ ಗಮನಿಸಿ. ಮೂರೂ ಊರುಗಳು ಹತ್ತಿರ ಹತ್ತಿರವೇ ಇವೆ. ಮೂರು ಬಂಡೆಯ ಮೇಲೆ ಇರುವ ಮಾತೂ ಹೆಚ್ಚುಕಡಿಮೆ ಒಂದೇ. ಜಟಿಂಗ ರಾಮೇಶ್ವರದ ಶಾಸನ ತುಂಬ ಸವೆದುಹೋಗಿದೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆಗೆ ಬಳೆಗಾರ ಗುಂಡು ಎಂದೇ ಹೆಸರು. ಅಲ್ಲಿ ಸವೆದುಹೋದ ಮಾತೇನೆಂದು ನಮಗೆ ಇವತ್ತು ಗೊತ್ತಾಗುವುದು ಬ್ರಹ್ಮಗಿರಿಯ ಪ್ರತಿ ಚೆನ್ನಾಗಿ ಉಳಿದಿರುವುದರಿಂದ. ಅಶೋಕ ಮೂರು ಕಡೆ ಕೆತ್ತಿಸಿದ್ದು ಹೆಚ್ಚು ಜನ ಓದಲಿ, ಕೇಳಲಿ ಎಂದಿರಬೇಕು. ಆದರೆ ನಮಗೆ ಒದಗಿಬಂದದ್ದು ಬ್ಯಾಕಪ್ ಆಗಿ.

ಇದೇ ಲೆಕ್ಕವನ್ನು ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ‘ಮೂರು–ಎರಡು–ಒಂದು’ ಎಂದು ಹೇಳಿದ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ. ಹೊಳಲ್ಕೆರೆಯ ಮನೆಗೆ ಇದನ್ನು ಹೀಗೆ ಹೊಂದಿಸಬಹುದು: ಕಂಪ್ಯೂಟರಿನಲ್ಲಿ ಒಂದು, ಬೀರುವಿನಲ್ಲಿಟ್ಟ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು, ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಇರುವ ಮಗಳ ಮನೆಯ ಪೆನ್‌ಡ್ರೈವಿನಲ್ಲಿ ಒಂದು. ಇಂಟರ್ನೆಟ್ ಚೆನ್ನಾಗಿದ್ದರೆ ಗೂಗಲ್ ಡ್ರೈವಿನಲ್ಲೂ ಇಡಬಹುದು. ಪಾಸ್‌ವರ್ಡ್ ಅಜ್ಜನಿಗೊಬ್ಬರಿಗೇ ಗೊತ್ತಿದ್ದರೆ ಸಾಲದು.

ನಕಲು ಮಾಡಿದ ಮೇಲೆ ಅದನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ನಾಲ್ಕಾರು ಕಡತಗಳನ್ನು ತೆರೆದು ನೋಡಬೇಕು. ಇದನ್ನು ಮಾಡುವವರು ಕಡಿಮೆ. ಮಕ್ಕಳೇ, ನೀವು ‘ಟಾಯ್ ಸ್ಟೋರಿ 2’ ನೋಡಿರಬಹುದು. 1998ರಲ್ಲಿ ಆ ಸಿನಿಮಾ ತಯಾರಾಗುತ್ತಿದ್ದಾಗ ಪಿಕ್ಸಾರ್ ಸಂಸ್ಥೆಯಲ್ಲಿ ಯಾರೋ ಕೊಟ್ಟ ಒಂದು ಆಜ್ಞೆಯಿಂದ ಕಡತಗಳು ಒಂದೊಂದಾಗಿ ಅಳಿಸಿಹೋಗತೊಡಗಿದವು. ಬ್ಯಾಕಪ್ ಇದೆಯಲ್ಲ ಎಂದು ತೆಗೆದು ನೋಡಿದರೆ ಅದೂ ಸರಿಯಾಗಿ ಉಳಿದಿರಲಿಲ್ಲ. ಗ್ಯಾಲಿನ್ ಸಸ್ಮನ್ ಎಂಬಾಕೆಗೆ ಮಗುವಾಗಿತ್ತು. ಮನೆಯಿಂದಲೇ ಕೆಲಸ ಮಾಡಲೆಂದು ಸಿನಿಮಾದ ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದಳು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಕೂಸನ್ನು ತರುವ ಹಾಗೆ ತಂದರು. ಆಮೇಲೆ ಕೆಲಸ ಮುಂದುವರಿಯಿತು.

ಕಂಪ್ಯೂಟರ್ ಆನ್ ಆಗುವುದೇ ಇಲ್ಲ ಎಂದರೆ? ಆಗಲೂ ಕಡತಗಳು ಹೋದವು ಎಂದಲ್ಲ. ಹಾರ್ಡ್‌ಡಿಸ್ಕನ್ನು ಬಿಚ್ಚಿ, ಒಂದು ಕೇಬಲ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿ ನಕಲು ಮಾಡಿಕೊಳ್ಳಬಹುದು. ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್ ಹಾಕಿ ಒಳಗಿನದನ್ನು ತೆಗೆಯಬಹುದು. ಎರಡೂ ಅಂಗಡಿಯವರಿಗೆ ಗೊತ್ತಿರುವ ಕೆಲಸವೇ. ನಾವು ಕೇಳಬೇಕು ಅಷ್ಟೆ. ಡಿಸ್ಕಿನಿಂದ ಟಿಕ್ ಟಿಕ್ ಎಂದು ಸದ್ದು ಬರುತ್ತಿದ್ದರೆ ಮಾತ್ರ ಪದೇ ಪದೇ ಆನ್ ಮಾಡಿ ನೋಡಬೇಡಿ. ಅದು ಸಾಫ್ಟ್‌ವೇರಿನ ಕಾಯಿಲೆಯಲ್ಲ, ಡಿಸ್ಕಿನದೇ. ಅಂಥ ಡಿಸ್ಕಿಗೆ ಹೊಸ ವಿಂಡೋಸ್ ಹಾಕುವುದು ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದಂತೆ. ಹೊಸ ಎಸ್‌ಎಸ್‌ಡಿ ಹಾಕಿಸಿ. ಹಳೆಯದನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ತನ್ನಿ.

ಈಚಿನ ಲ್ಯಾಪ್‌ಟಾಪ್ ಆದರೆ ಒಂದು ಎಚ್ಚರ. ಅನೇಕದರಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರುತ್ತದೆ. ಅದರ ಬೀಗದಕೈ 48 ಅಂಕಿಗಳ ಒಂದು ಸಂಖ್ಯೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಯಂತ್ರ ಬಿಚ್ಚುವ ಮುಂಚೆಯೇ ಅದನ್ನು ಬರೆದುಕೊಳ್ಳಬೇಕು.

ಇನ್ನು ರೀಇನ್‌ಸ್ಟಾಲ್. ಇದು ಅಂದುಕೊಂಡಷ್ಟು ಕಷ್ಟದ್ದಲ್ಲ, ತಾಳ್ಮೆ ಬೇಕು. ವಿಂಡೋಸ್ 10, 11ರಲ್ಲಿ ‘ರೀಸೆಟ್ ದಿಸ್ ಪಿಸಿ’ ಎಂಬುದಿದೆ. ಅದು ‘ಕೀಪ್ ಮೈ ಫೈಲ್ಸ್’, ‘ರಿಮೂವ್ ಎವೆರಿಥಿಂಗ್’ ಎಂದು ಎರಡು ದಾರಿ ಕೇಳುತ್ತದೆ. ಮೊದಲನೆಯದರಲ್ಲಿ ಕಡತ ಉಳಿಯುತ್ತದೆ, ನೀವು ಹಾಕಿಕೊಂಡಿದ್ದ ಪ್ರೋಗ್ರಾಂಗಳು ಉಳಿಯುವುದಿಲ್ಲ. ಎರಡನೆಯದರಲ್ಲಿ ಎರಡೂ ಇಲ್ಲ. ಮೊದಲನೆಯದನ್ನು ಒತ್ತುವುದಾದರೂ ಬ್ಯಾಕಪ್ ಇಲ್ಲದೆ ಒತ್ತಬೇಡಿ. ನಡುವೆ ಕರೆಂಟು ಹೋದರೆ ಏನಾಗುತ್ತದೋ ಹೇಳಲು ಬರುವುದಿಲ್ಲ. ಯುಪಿಎಸ್ ಇದ್ದರೆ ಒಳ್ಳೆಯದು. ಬೇಸಿಗೆಯ ಮಳೆ, ಗುಡುಗಿನ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ.

ಪೂರ್ತಿ ಹೊಸದಾಗಿ ಹಾಕುವುದಾದರೆ ಮೈಕ್ರೋಸಾಫ್ಟ್ ಕಂಪನಿಯ ತಾಣದಿಂದ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿಕೊಂಡು ಕನಿಷ್ಠ 8 ಜಿಬಿಯ ಪೆನ್‌ಡ್ರೈವಿಗೆ ಹಾಕಬೇಕು. ಅದು ಆ ಪೆನ್‌ಡ್ರೈವಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿಹಾಕುತ್ತದೆ. ಅಜ್ಜನ ಪತ್ರಗಳನ್ನು ಇಟ್ಟ ಪೆನ್‌ಡ್ರೈವನ್ನೇ ಇದಕ್ಕೆ ಚುಚ್ಚಿದರೆ ಕಥೆ ಮುಗಿಯಿತು! ಎರಡಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ. ಮುಂದೆ ಒಂದು ಪರದೆಯಲ್ಲಿ ಡಿಸ್ಕಿನ ಭಾಗಗಳು ‘ಪಾರ್ಟಿಷನ್ 1, 2, 3’ ಎಂದು ಕಾಣಿಸುತ್ತವೆ. ಸಿ ಯಾವುದು, ಡಿ ಯಾವುದು ಎಂದು ಅಲ್ಲಿ ಬರೆದಿರುವುದಿಲ್ಲ, ಗಾತ್ರ ನೋಡಿಯೇ ಗುರುತಿಸಬೇಕು. ಅವಸರದಲ್ಲಿ ತಪ್ಪು ಭಾಗ ಅಳಿಸಿದರೆ ಡಿ ಡ್ರೈವೂ ಹೋಗುತ್ತದೆ. ಡಿ ಡ್ರೈವನ್ನು ನಂಬಬೇಡಿ ಎಂದದ್ದು ಇದಕ್ಕೇ. ಬ್ಯಾಕಪ್ ಇರುವ ಹಾರ್ಡ್‌ಡಿಸ್ಕನ್ನು ಈ ಹೊತ್ತಿನಲ್ಲಿ ಕಂಪ್ಯೂಟರಿನಿಂದ ತೆಗೆದಿಟ್ಟಿರಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹನ್ನೊಂದನ್ನು ಹೊರಲಾರದ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಸಬಹುದು. ಅದಕ್ಕೆ ಹಣ ಕೊಡಬೇಕಿಲ್ಲ, ಕನ್ನಡವೂ ಓಡುತ್ತದೆ.

ಹೊಸ ವಿಂಡೋಸ್ ಬಂತು. ಪ್ರಿಂಟರ್, ಬ್ರೌಸರ್ ಎಲ್ಲ ಹಾಕಿದ ಮೇಲೆ ನಕಲು ಮಾಡಿದ್ದ ಫಾಂಟುಗಳನ್ನು ಹಾಕಿ ಕಡತ ತೆರೆಯಿರಿ. ಕನ್ನಡ ಕಾಣುತ್ತದೆ. ಅಲ್ಲಿಗೇ ಬಿಡದೆ ಅವನ್ನು ಯೂನಿಕೋಡಿಗೆ ಬದಲಾಯಿಸಿಬಿಡುವುದು ಮೇಲು. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಆದ 128 ಅಂಕಿಗಳ ಜಾಗವಿದೆ. ಅಲ್ಲಿ ‘ಕ’ ಎಂದರೆ ಕನ್ನಡದ ಕ ಮಾತ್ರ, ಮೊಬೈಲಿನಲ್ಲೂ ಅದೇ, ಅಮೆರಿಕದ ಮೊಮ್ಮಗನ ಲ್ಯಾಪ್‌ಟಾಪಿನಲ್ಲೂ ಅದೇ. ಬದಲಾಯಿಸಲು ನುಡಿ, ಬರಹ ಎರಡರಲ್ಲೂ ಸಾಧನ ಇದೆ. ಹಳೆಯ ಕಡತವನ್ನು ಅಳಿಸದೆ, ಬದಲಾಯಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ.

ಯಂತ್ರ ಬದಲಾಯಿಸಿಕೊಟ್ಟದ್ದನ್ನು ಮನುಷ್ಯರು ಒಮ್ಮೆ ಓದಲೇಬೇಕು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತಿತ್ತು, ಯೂನಿಕೋಡಿನಲ್ಲಿ ಅದು ಮೊದಲು ಬರಬೇಕು. ಹೀಗಾಗಿ ಸೂರ್ಯ, ಕಾರ್ಯ, ಧರ್ಮ, ಚಿತ್ರದುರ್ಗ ಇಂಥ ಪದಗಳಲ್ಲಿ ಎಡವಟ್ಟು ಆಗುವುದುಂಟು. ಅಂಕಿಗಳು, ಉದ್ಧರಣ ಚಿಹ್ನೆಗಳು ಕೂಡ ಒಮ್ಮೊಮ್ಮೆ ಬೇರೆಯಾಗಿಬಿಡುತ್ತವೆ. ಅಡಿಕೆಯ ಲೆಕ್ಕವನ್ನಂತೂ ಎರಡು ಸಲ ನೋಡಿ. ಇದಕ್ಕೆ ಇಬ್ಬರು ಕೂತರೆ ಚೆನ್ನ: ಮೊಮ್ಮಗಳು ಪರದೆ ನೋಡಿ ಗಟ್ಟಿಯಾಗಿ ಓದಲಿ, ಅಜ್ಜ ಕೇಳಿ ತಪ್ಪು ಹಿಡಿಯಲಿ. ಸೋಬಾನೆ ಪದಗಳ ಸರದಿ ಬಂದಾಗ ಅಜ್ಜಿಯನ್ನು ಕರೆಯಿರಿ. ದಿನಕ್ಕೆ ಹತ್ತು ಪುಟ ಓದಿದರೆ ಮುನ್ನೂರು ಪುಟ ಒಂದು ತಿಂಗಳಲ್ಲಿ ಮುಗಿಯುತ್ತದೆ.