ನೀರಿನ ಮೇಲಿನ ಚಿತ್ತಾರ, ಬಣ್ಣಗೆಟ್ಟ ಪ್ಲಾಸ್ಟಿಕ್ಕಿನ ಮರುಜನ್ಮ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಗಳಿಗೆಯೂ ನಿಲ್ಲದ ಮಾತನ್ನು ‘ನೀರಿನ ಮೇಲಿನ ಬರಹ’ ಎನ್ನುವುದು ನಮ್ಮ ನುಡಿಯ ವಾಡಿಕೆ. ನಾವು ಇಂದು ವಿವೇಚಿಸಲಿರುವ ವಿದ್ಯೆಯಾದರೋ ನೀರಿನ ಮೇಲೆ ಬಣ್ಣದ ಚಿತ್ತಾರವನ್ನು ತೇಲಿಬಿಟ್ಟು, ಅದರೊಳಗೆ ವಸ್ತುವನ್ನು ಅದ್ದಿ, ಆ ಚಿತ್ತಾರ ವರ್ಷಗಟ್ಟಲೆ ನಿಲ್ಲುವಂತೆ ಮಾಡುತ್ತದೆ. ಇದಕ್ಕೆ ಹೈಡ್ರೋಗ್ರಾಫಿಕ್ಸ್ ಅಥವಾ ಹೈಡ್ರೋ ಡಿಪ್ಪಿಂಗ್ ಎಂದು ಹೆಸರು. ಕನ್ನಡದಲ್ಲಿ ಜಲವರ್ಗಾವಣೆ ಮುದ್ರಣ ಎಂದು ಕರೆಯಬಹುದು. ಇದು ನಮಗೆ ತೀರ ಅಪರಿಚಿತವಾದುದಲ್ಲ. ಕಾರುಗಳ ಒಳಭಾಗದಲ್ಲಿ ವಾಲ್‌ನಟ್ ಮರದಂತೆ ಹೊಳೆಯುವ ಎಷ್ಟೋ ಪಟ್ಟಿಗಳು ಮರವೇ ಅಲ್ಲ. ಪ್ಲಾಸ್ಟಿಕ್ಕಿನ ಮೇಲೆ ಇದೇ ವಿಧಾನದಿಂದ ಮೂಡಿಸಿದ ಮರದ ಚಿತ್ರ.

ಈಗ ಈ ವಿದ್ಯೆಯ ಸಾಮಗ್ರಿಗಳು ಸಣ್ಣ ಪೆಟ್ಟಿಗೆಗಳಲ್ಲಿ ಸಿದ್ಧವಾಗಿ ಮಾರಾಟಕ್ಕೆ ದೊರೆಯುತ್ತವೆ. ಅರಿಜೋನಾ, ಟೆಕ್ಸಾಸ್‌ಗಳಂಥ ಬಿಸಿಲುನಾಡಿನಲ್ಲಿ ಮೋಟಾರ್‌ಸೈಕಲ್ಲಿನ ಮಡ್‌ಗಾರ್ಡು, ಪಕ್ಕದ ಫಲಕಗಳು ಬೂದಿ ಬಳಿದಂತಾದಾಗ, ಮನೆಯ ಗ್ಯಾರೇಜಿನಲ್ಲೇ ಅವನ್ನು ಹೊಸದಾಗಿಸುವ ಹುಮ್ಮಸ್ಸು ನಮ್ಮ ಯುವಕರಲ್ಲಿ ಹುಟ್ಟುವುದು ಸಹಜ. ಅದ್ದುವ ಕೆಲಸಕ್ಕೆ ಬೇಕಾಗುವುದು ಅರ್ಧ ನಿಮಿಷ. ನೋಡುವವರ ಕಣ್ಣಿಗೆ ಅದೇ ಜಾದೂ. ಆದರೆ ಚಿತ್ತಾರದ ಬಾಳಿಕೆಯನ್ನು ನಿರ್ಧರಿಸುವುದು ಅದರ ಕೆಳಗಿನ ನೆಲ ಮತ್ತು ಮೇಲಿನ ಹೊದಿಕೆ. ಮಾಡುವವರ ಆರೋಗ್ಯವನ್ನು ಕಾಪಾಡುವುದೂ ಕೆಡಿಸುವುದೂ ಈ ಎರಡು ಹಂತಗಳಲ್ಲಿನ ಎಚ್ಚರವೇ.

ಬಣ್ಣ ಏಕೆ ಕೆಡುತ್ತದೆ?

ಪ್ಲಾಸ್ಟಿಕ್ ಎಂಬುದು ಉದ್ದುದ್ದನೆಯ ಅಣುಸರಪಳಿಗಳ ಹೆಣಿಗೆ. ಬಿಸಿಲಿನ ಅತಿನೇರಳೆ ಕಿರಣಗಳು ಈ ಸರಪಳಿಗಳನ್ನು ಕಡಿಯುತ್ತವೆ. ಕಡಿದ ತುದಿಗಳೊಡನೆ ಗಾಳಿಯ ಆಮ್ಲಜನಕ ಸೇರಿಕೊಂಡು ಮತ್ತಷ್ಟು ಕೊಂಡಿಗಳು ಕಳಚುತ್ತವೆ. ಮೇಲ್ಮೈ ಪೆಡಸಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಮೂಡುತ್ತವೆ. ಆ ಬಿರುಕುಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುವುದರಿಂದ ಕಪ್ಪು ಪ್ಲಾಸ್ಟಿಕ್ ಬಿಳಿಚಿದಂತೆ ತೋರುತ್ತದೆ. ಎಣ್ಣೆ ಸವರಿದೊಡನೆ ಅದು ಮತ್ತೆ ಕಪ್ಪಾಗಿ ಕಾಣುವುದೂ ಇದೇ ಕಾರಣದಿಂದ: ಎಣ್ಣೆ ಬಿರುಕುಗಳನ್ನು ತುಂಬುತ್ತದೆ. ಮಳೆಯಲ್ಲಿ ತೊಳೆದುಹೋದರೆ ಬೂದುಬಣ್ಣ ಮರಳುತ್ತದೆ.

ಇದರಿಂದ ಒಂದು ಮುಖ್ಯ ಪಾಠವನ್ನು ಕಲಿಯಬೇಕು. ಶಿಥಿಲವಾದ ಮೇಲ್ಪದರದ ಮೇಲೆ ಎಷ್ಟೇ ಸುಂದರವಾದ ಚಿತ್ತಾರವನ್ನು ಕೂರಿಸಿದರೂ, ಆ ಪದರ ಉದುರಿದಾಗ ಚಿತ್ತಾರವೂ ಉದುರುತ್ತದೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವ ಮುನ್ನ ಹಳೆಯ ಹಕ್ಕಳೆಯನ್ನು ಕೆರೆದು ತೆಗೆಯುತ್ತಿದ್ದ ನಮ್ಮ ಹಿರಿಯರಿಗೆ ಈ ತತ್ತ್ವವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೆಲವನ್ನು ಅರಿಯುವುದು, ಹದಗೊಳಿಸುವುದು

ಮೊದಲು ಪ್ಲಾಸ್ಟಿಕ್ಕಿನ ಜಾತಿಯನ್ನು ತಿಳಿಯಬೇಕು. ಮೋಟಾರ್‌ಸೈಕಲ್ಲಿನ ಭಾಗಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಪಾಲಿಪ್ರೊಪಿಲೀನ್ ಮತ್ತು ಎಬಿಎಸ್ ಎಂಬ ಎರಡು ಬಗೆಗಳು. ಬಿಡಿಭಾಗದ ಹಿಂಬದಿಯಲ್ಲಿ ಇವುಗಳ ಗುರುತಿನ ಅಕ್ಷರಗಳು ಅನೇಕ ವೇಳೆ ಅಚ್ಚಾಗಿರುತ್ತವೆ. ಇಲ್ಲದಿದ್ದರೆ, ಒಳಗಡೆಯ ಅಂಚಿನಿಂದ ಒಂದು ಸಣ್ಣ ಚೂರನ್ನು ಕೆತ್ತಿ ನೀರಿಗೆ ಹಾಕಿ ನೋಡಬಹುದು. ಪಾಲಿಪ್ರೊಪಿಲೀನಿನ ಸಾಂದ್ರತೆ ಸುಮಾರು 0.9, ಅದು ತೇಲುತ್ತದೆ. ಎಬಿಎಸ್‌ನ ಸಾಂದ್ರತೆ ಸುಮಾರು 1.05, ಅದು ಮುಳುಗುತ್ತದೆ. ಟಾಲ್ಕ್ ಪುಡಿಯಂಥ ಬೆರಕೆಯಿದ್ದರೆ ಪಾಲಿಪ್ರೊಪಿಲೀನೂ ಮುಳುಗಬಹುದಾದ್ದರಿಂದ, ಅಚ್ಚಾದ ಗುರುತೇ ಹೆಚ್ಚು ನಂಬಿಕೆಗೆ ಅರ್ಹ.

ಈ ಭೇದ ಏಕೆ ಮುಖ್ಯವೆಂದರೆ, ಪಾಲಿಪ್ರೊಪಿಲೀನಿಗೆ ಯಾವ ಬಣ್ಣವೂ ಸುಲಭವಾಗಿ ಅಂಟುವುದಿಲ್ಲ; ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿಹೋಗುತ್ತದೆ. ಅದಕ್ಕೆ ಅಡ್ಹೀಶನ್ ಪ್ರೊಮೋಟರ್ ಎಂಬ ಅಂಟುವರ್ಧಕದ ತೆಳುಪದರವನ್ನು ಮೊದಲು ಸಿಂಪಡಿಸಲೇಬೇಕು. ಎಬಿಎಸ್‌ಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿಗೆ ತಕ್ಕ ಪ್ರೈಮರ್ ಸಾಕಾಗುತ್ತದೆ.

ಭಾಗವನ್ನು ಗಾಡಿಯಿಂದ ಕಳಚಿ, ಪಾತ್ರೆ ತೊಳೆಯುವ ಸಾಬೂನಿನಿಂದ ಚೆನ್ನಾಗಿ ತೊಳೆಯಬೇಕು. ಹಿಂದೆ ಹೊಳಪಿಗೆಂದು ಸವರಿದ ಸಿಲಿಕೋನ್ ದ್ರವದ ಲೇಶವಿದ್ದರೂ, ಮೇಲೆ ಹೊಡೆದ ಬಣ್ಣ ಅಲ್ಲಲ್ಲಿ ಸರಿದು ಮೀನಿನ ಕಣ್ಣಿನಂಥ ಗುಳಿಗಳು ಮೂಡುತ್ತವೆ. ಜಿಡ್ಡು ಪೂರ್ತಿ ಹೋದ ಮೇಲೆಯೇ ಉಜ್ಜುಕಾಗದ ಹಿಡಿಯಬೇಕು. ಮೊದಲೇ ಉಜ್ಜಿದರೆ ಜಿಡ್ಡನ್ನು ಒಳಕ್ಕೆ ತಿಕ್ಕಿದಂತಾಗುತ್ತದೆ. 400ರಿಂದ 600ರ ಸಂಖ್ಯೆಯ ಕಾಗದದಿಂದ ನೀರು ಹಾಕಿ ಉಜ್ಜುವುದು ಲೇಸು. ಒರಟು ಕಾಗದ ಬಳಸಿದರೆ ಪಾಲಿಪ್ರೊಪಿಲೀನಿನ ಮೈಯಿಂದ ನೂಲಿನಂಥ ಎಳೆಗಳು ಏಳುತ್ತವೆ. ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪ್ರೈಮರ್ ಹಾಗೂ ತಳದ ಬಣ್ಣವನ್ನು ತೆಳುವಾದ ಹಲವು ಪದರಗಳಲ್ಲಿ ಹೊಡೆಯಬೇಕು. ಚಿತ್ತಾರದ ಶಾಯಿ ಹಲವೆಡೆ ಪಾರದರ್ಶಕವಾಗಿರುವುದರಿಂದ ತಳದ ಬಣ್ಣವೇ ಅಂತಿಮ ಛಾಯೆಯನ್ನು ನಿರ್ಧರಿಸುತ್ತದೆ. ಒಂದೇ ಚಿತ್ತಾರ ಬೆಳ್ಳಿಬಣ್ಣದ ಮೇಲೊಂದು ರೂಪ, ಕೆಂಪಿನ ಮೇಲೆ ಮತ್ತೊಂದು ರೂಪ ತಳೆಯುತ್ತದೆ.

ತೇಲುವ ಚಿತ್ತಾರದ ಪರಂಪರೆ

ನೀರಿನ ಮೇಲೆ ಬಣ್ಣ ತೇಲಿಸಿ ಅದನ್ನು ಬೇರೊಂದು ಮೈಗೆ ಹತ್ತಿಸುವ ಉಪಾಯ ಪ್ರಾಚೀನವಾದುದು. ಜಪಾನಿನ ಸುಮಿನಾಗಾಶಿ, ತುರ್ಕಿಯ ಎಬ್ರು ಕಲೆಗಳು ಕಾಗದದ ಮೇಲೆ ಇದನ್ನೇ ಸಾಧಿಸಿದವು. ತುರ್ಕಿಯ ಕಲೆಯನ್ನು 2014ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕನ್ನಡಿಗರಾದ ನಾವು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯೆಂದರೆ, ಆದಿಲ್‌ಶಾಹಿಗಳ ಬಿಜಾಪುರದಲ್ಲೂ, ಅಂದರೆ ಇಂದಿನ ವಿಜಯಪುರದಲ್ಲೂ, 17ನೆಯ ಶತಮಾನದಲ್ಲಿ ಇದು ಅರಳಿತ್ತು. ಬಡಕಲು ಕುದುರೆಯನ್ನೇರಿದ ಸನ್ಯಾಸಿಯ ಇಂಥದೊಂದು ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯದಲ್ಲಿದೆ. ಸುಮಾರು 1625ರ ಆ ಚಿತ್ರವನ್ನು ಬಿಜಾಪುರದ್ದೆಂದು ಗುರುತಿಸಲಾಗಿದೆ.

ಕಾಗದ ಚಪ್ಪಟೆಯಾದುದು, ಉಬ್ಬುತಗ್ಗುಗಳ ವಸ್ತುವಿಗೆ ಚಿತ್ತಾರ ಹೊದಿಸುವ ಯಂತ್ರವಿಧಾನಕ್ಕಾಗಿ ಜಪಾನಿನ ಕ್ಯೂಬಿಕ್ ಎಂಜಿನಿಯರಿಂಗ್ ಸಂಸ್ಥೆಯ ಮೊತೊಯಾಸು ನಕಾನಿಶಿ ಅವರು 1982ರಲ್ಲಿ ಅಮೆರಿಕದ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು, 1984ರಲ್ಲಿ ಅದು ಮಂಜೂರಾಯಿತು. ಇಲ್ಲಿ ಚಿತ್ತಾರವನ್ನು ಮೊದಲು ಪಾಲಿವಿನೈಲ್ ಆಲ್ಕೊಹಾಲ್ ಎಂಬ, ನೀರಿನಲ್ಲಿ ಕರಗುವ ತೆಳುಹಾಳೆಯ ಮೇಲೆ ಮುದ್ರಿಸಿಡುತ್ತಾರೆ. ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕುವ ಸೋಪಿನ ಪುಟ್ಟ ಪೊಟ್ಟಣಗಳ ಹೊದಿಕೆಯೂ ಇದೇ ವಸ್ತು.

ಅದ್ದುವ ಕ್ರಮ

ತೊಟ್ಟಿಯ ನೀರು ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಒದ್ದೆ ಬೆರಳಿನಿಂದ ಹಾಳೆಯ ಎರಡೂ ಬದಿ ಮುಟ್ಟಿ ನೋಡಿ, ಅಂಟುವ ಬದಿ ಕೆಳಗಾಗುವಂತೆ ಗಾಳಿಗುಳ್ಳೆಗಳಿಲ್ಲದೆ ತೇಲಿಬಿಡಬೇಕು. ಸುಮಾರು ಒಂದು ನಿಮಿಷ, ಅಥವಾ ತಯಾರಕರು ಹೇಳಿದಷ್ಟು ಹೊತ್ತು, ಹಾಳೆ ನೀರು ಕುಡಿದು ಸುಕ್ಕಿಲ್ಲದೆ ಹರಡಿಕೊಳ್ಳುತ್ತದೆ. ಆಗ ಆ್ಯಕ್ಟಿವೇಟರ್ ಎಂಬ ದ್ರಾವಕವನ್ನು ಮಂಜಿನಂತೆ ಸಿಂಪಡಿಸಿದರೆ ಒಣಶಾಯಿ ಮತ್ತೆ ದ್ರವವಾಗಿ, ಎಣ್ಣೆಯಂತೆ ಹೊಳೆಯತೊಡಗುತ್ತದೆ. ಸಿಂಪಡಣೆ ಕಡಿಮೆಯಾದರೆ ಚಿತ್ತಾರ ಅಂಟದೆ ಸಿಪ್ಪೆಯಂತೆ ಸುಲಿಯುತ್ತದೆ. ಹೆಚ್ಚಾದರೆ ಚದುರಿ ಒಡೆಯುತ್ತದೆ.

ಹೊಳಪು ಬಂದೊಡನೆ ಭಾಗವನ್ನು ಓರೆಯಾಗಿ ಹಿಡಿದು, ಗಾಳಿ ಸಿಕ್ಕಿಕೊಳ್ಳದಂತೆ, ನಿಧಾನವಾಗಿ ಒಂದೇ ವೇಗದಲ್ಲಿ ಇಳಿಸಬೇಕು. ನೀರಿನ ಒತ್ತಡ ಶಾಯಿಯನ್ನು ವಸ್ತುವಿನ ಮೈಗೆ ಒತ್ತುತ್ತದೆ. 10 ಸೆಂಟಿಮೀಟರ್ ಆಳದಲ್ಲಿ ಈ ಒತ್ತಡ ಚದರ ಸೆಂಟಿಮೀಟರಿಗೆ 10 ಗ್ರಾಂ ತೂಕದಷ್ಟೇ ಆದರೂ, ದ್ರವರೂಪದ ತೆಳುಶಾಯಿಗೆ ಅದು ಧಾರಾಳವಾಗಿ ಸಾಕು. ಪೂರ್ತಿ ಮುಳುಗಿದ ಮೇಲೆ, ಉಳಿದ ಶಾಯಿಯನ್ನು ನೀರಿನ ಮೇಲಿಂದ ಬದಿಗೆ ಸರಿಸಿ, ಭಾಗವನ್ನು ಎತ್ತಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಲೋಳೆ ಪೂರ್ತಿ ಹೋಗುವ ತನಕ ತೊಳೆದು ಒಣಗಿಸಬೇಕು.

ಆಳವಾದ ತಗ್ಗುಗಳಲ್ಲಿ, ಕಡಿದಾದ ಬದಿಗಳಲ್ಲಿ ಚಿತ್ತಾರ ಹಿಗ್ಗುತ್ತದೆ. ಆದ್ದರಿಂದ ಮೊದಲ ಯತ್ನಕ್ಕೆ ಎಲೆ, ಕಲ್ಲು, ಮರಗಳಂಥ ಅನಿಯತ ಚಿತ್ತಾರವೇ ಮೇಲು. ಕಾರ್ಬನ್ ನಾರಿನ ನೇಯ್ಗೆಯಂಥ ಸಮರೇಖೆಗಳಲ್ಲಿ ಸಣ್ಣ ಸೊಟ್ಟವೂ ಎದ್ದು ಕಾಣುತ್ತದೆ. ಈ ಹಿಗ್ಗುವಿಕೆಯನ್ನು ಕಂಪ್ಯೂಟರಿನಿಂದ ಮೊದಲೇ ಲೆಕ್ಕಹಾಕಿ ಚಿತ್ರವನ್ನು ಅದಕ್ಕೆ ತಕ್ಕಂತೆ ಮುದ್ರಿಸುವ ವಿಧಾನವನ್ನು ಚೀನಾದ ಝೆಜಿಯಾಂಗ್ ಮತ್ತು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು 2015ರಲ್ಲಿ ಪ್ರಕಟಿಸಿದರು.

ಹೊದಿಕೆಯ ರಕ್ಷೆ, ಉಸಿರಿನ ರಕ್ಷೆ

ಕೇವಲ ಶಾಯಿಗೆ ಬಾಳಿಕೆಯಿಲ್ಲ. ಉಗುರು ತಾಗಿದರೂ ಗೀರು ಬೀಳುತ್ತದೆ. ಅತಿನೇರಳೆ ಕಿರಣಗಳನ್ನು ತಡೆಯುವ ಪಾರದರ್ಶಕ ಹೊದಿಕೆ, ಅಂದರೆ ಕ್ಲಿಯರ್ ಕೋಟ್, ಅನಿವಾರ್ಯ. ಇದರಲ್ಲಿ ಎರಡು ಬಗೆಗಳುಂಟು. ಒಂದೇ ಘಟಕದ್ದು ಸ್ಪ್ರೇ ಡಬ್ಬಿಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಪೆಟ್ರೋಲ್ ತಾಗಿದರೆ ಅದು ಮೆತ್ತಗಾಗುವ ಸಂಭವ ಹೆಚ್ಚು. ಎರಡು ಘಟಕಗಳನ್ನು ಬೆರೆಸಿ ಹೊಡೆಯುವುದು ಗಟ್ಟಿಮುಟ್ಟು. ಆದರೆ ಅದರ ಗಟ್ಟಿಕಾರಕದಲ್ಲಿ ಸಾಮಾನ್ಯವಾಗಿ ಐಸೊಸೈಯನೇಟ್ ಎಂಬ ರಾಸಾಯನಿಕವಿರುತ್ತದೆ.

ಈ ರಾಸಾಯನಿಕದ ವಿಷಯದಲ್ಲಿ ನಾವು ಸ್ಪಷ್ಟವಾಗಿ ಮಾತನಾಡಬೇಕು. ಬಣ್ಣ ಸಿಂಪಡಿಸುವ ಕೆಲಸಗಾರರಿಗೆ ಅಸ್ತಮಾ ತರುವ ಪ್ರಮುಖ ಕಾರಣಗಳಲ್ಲಿ ಇದೊಂದು. ಒಮ್ಮೆ ದೇಹ ಇದಕ್ಕೆ ಅಲರ್ಜಿ ಬೆಳೆಸಿಕೊಂಡರೆ, ಮುಂದೆ ಅತ್ಯಲ್ಪ ಪ್ರಮಾಣವೂ ತೀವ್ರವಾದ ಉಸಿರಾಟದ ತೊಂದರೆಯನ್ನು ತರಬಲ್ಲದು. ವಾಸನೆಯಿಂದ ಅಪಾಯವನ್ನು ಅರಿಯೋಣವೆಂದರೆ, ಮೂಗಿಗೆ ತಿಳಿಯುವ ಹೊತ್ತಿಗೆ ಮಿತಿ ಮೀರಿರುತ್ತದೆ. ಧೂಳಿನ ಮಾಸ್ಕು ಇಲ್ಲಿ ನಿಷ್ಪ್ರಯೋಜಕ. ವೃತ್ತಿಪರರು ಹೊರಗಿನ ಶುದ್ಧಗಾಳಿಯನ್ನು ಕೊಳವೆಯ ಮೂಲಕ ಪಡೆಯುವ ಮುಖವಾಡ ಧರಿಸುತ್ತಾರೆ. ಆದಕಾರಣ ಅದ್ದುವವರೆಗಿನ ಕೆಲಸವನ್ನು ಮನೆಯಲ್ಲಿ ಮುಗಿಸಿ, ಎರಡು ಘಟಕಗಳ ಹೊದಿಕೆಯನ್ನು ಕಾರಿಗೆ ಬಣ್ಣ ಹೊಡೆಯುವ ಅಂಗಡಿಯಲ್ಲಿ ಮಾಡಿಸುವುದು ವಿವೇಕದ ಮಾರ್ಗ.

ಆ್ಯಕ್ಟಿವೇಟರ್ ಮತ್ತು ಸ್ಪ್ರೇ ಬಣ್ಣಗಳ ಆವಿಯೂ ಉರಿಯುವಂಥದು. ಅನೇಕ ಮನೆಗಳಲ್ಲಿ ಗ್ಯಾಸಿನ ವಾಟರ್ ಹೀಟರ್ ಗ್ಯಾರೇಜಿನಲ್ಲೇ ಇರುತ್ತದೆ. ಅದರೊಳಗಿನ ಸಣ್ಣ ಜ್ವಾಲೆಗೆ ಆ ಆವಿ ತಲುಪಿದರೆ ಸಾಕು, ಬೆಂಕಿ ಹೊತ್ತಿಕೊಳ್ಳುತ್ತದೆ. ಸಿಂಪಡಣೆಯನ್ನು ಬಯಲಿನಲ್ಲಿ, ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ಮುಖವಾಡ, ಕೈಗವಸು, ಕನ್ನಡಕ ಧರಿಸಿಯೇ ಮಾಡಬೇಕು. ಸ್ನಾನದ ತೊಟ್ಟಿ, ಅಡುಗೆಯ ಪಾತ್ರೆಗಳನ್ನು ಇದಕ್ಕೆ ಬಳಸಬಾರದು. ಉಳಿದ ನೀರನ್ನು ಬೀದಿಯ ಮಳೆನೀರಿನ ಚರಂಡಿಗೆ ಸುರಿಯದೆ, ಊರಿನ ಅಪಾಯಕಾರಿ ತ್ಯಾಜ್ಯದ ಕೇಂದ್ರವನ್ನು ವಿಚಾರಿಸಬೇಕು. ಮಕ್ಕಳು ತೇಲುವ ಪರೀಕ್ಷೆ, ತೊಳೆಯುವುದು, ಉಜ್ಜುವುದರಲ್ಲಿ ಸಂತೋಷವಾಗಿ ಭಾಗವಹಿಸಲಿ. ಸಿಂಪಡಣೆಯ ಹೊತ್ತಿಗೆ ದೂರವಿರಲಿ.

ಇನ್ನೊಂದು ಮಾತು. ಚಿತ್ತಾರ ಚೆನ್ನಾಗಿ ಬಂದ ಉತ್ಸಾಹದಲ್ಲಿ ಹೆಲ್ಮೆಟ್ಟನ್ನೂ ಅದ್ದುವ ಆಸೆಯಾಗುವುದುಂಟು. ಅದನ್ನು ಮಾಡಬಾರದು. ದ್ರಾವಕಗಳು ಪಾಲಿಕಾರ್ಬೊನೇಟಿನಂಥ ಕವಚವನ್ನು ಹೊರಗೆ ಕಾಣದಂತೆ ದುರ್ಬಲಗೊಳಿಸಬಲ್ಲವು. ನೋಡಲು ಹೊಸದರಂತಿದ್ದರೂ, ಬಿದ್ದ ದಿನ ಅದು ತಲೆಯನ್ನು ಕಾಯಲಾರದು. ದೀಪದ ಗಾಜು, ಬ್ರೇಕಿನ ಭಾಗಗಳು, ಹೊಗೆಕೊಳವೆಯ ಬಿಸಿ ತಾಗುವ ಭಾಗಗಳು ಕೂಡ ಈ ಕೆಲಸಕ್ಕೆ ಸಲ್ಲವು. ಬಿರುಕು ಬಿಟ್ಟು ಪೆಡಸಾದ ಫಲಕವನ್ನು ಅದ್ದುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಲೇಸು. ಬಣ್ಣ ರೂಪವನ್ನು ಕೊಡಬಲ್ಲದು, ಬಲವನ್ನಲ್ಲ.

ಈ ಕೆಲಸಕ್ಕೆ ಕೈಹಾಕುವ ಮನೆಗಳಿಗೆ ನಮ್ಮ ಸಲಹೆ ಇಷ್ಟೇ: ಮೊದಲು ಕಾಣದ ಜಾಗದ ಒಂದು ಸಣ್ಣ ಭಾಗವನ್ನು ಆರಿಸಿಕೊಳ್ಳಿ. ಒಂದು ವಾರಾಂತ್ಯವನ್ನು ತೊಳೆದು ಉಜ್ಜುವುದಕ್ಕೆಂದೇ ಮೀಸಲಿಡಿ. ಮುಖವಾಡವನ್ನು ಚಿತ್ತಾರದ ಹಾಳೆಗಿಂತ ಮುಂಚೆಯೇ ಕೊಳ್ಳಿ.