ಗಂಧದ ಮರ, ಮೂರು ಸರಕಾರಗಳು ಮತ್ತು ಕೂಡಿ ನಡೆಸಿದ ಸಂಶೋಧನೆ

ಅರಣ್ಯಸಂಪತ್ತನ್ನು ಕುರಿತು ಚರ್ಚೆ ನಡೆಯುವಲ್ಲೆಲ್ಲ ಈಚೆಗೆ 'ಜೈವಿಕ ಅರ್ಥವ್ಯವಸ್ಥೆ' ಎಂಬ ಮಾತು ಕೇಳಿಬರುತ್ತದೆ. ಹೆಸರು ಹೊಸತಾದರೂ ಅದರ ಹುರುಳು ನಮ್ಮ ಹಿರಿಯರಿಗೆ ಅಪರಿಚಿತವಾದುದಲ್ಲ. ಒಮ್ಮೆ ಅಗೆದು ತೆಗೆದರೆ ಮುಗಿದುಹೋಗುವ ಕಲ್ಲಿದ್ದಲು, ಕಲ್ಲೆಣ್ಣೆಗಳನ್ನು ನೆಚ್ಚದೆ, ಮತ್ತೆ ಮತ್ತೆ ಬೆಳೆಯಬಲ್ಲ ಮರ, ತೊಗಟೆ, ಅಂಟು, ನಾರು, ಎಣ್ಣೆಗಳನ್ನು ಆಧಾರವಾಗಿಟ್ಟುಕೊಂಡು ಜೀವನೋಪಾಯವನ್ನೂ ಕೈಗಾರಿಕೆಯನ್ನೂ ಕಟ್ಟಿಕೊಳ್ಳುವುದೆಂದು ಅದರ ಅರ್ಥ. ಅದು ಸುಸ್ಥಿರವಾಗಬೇಕಾದರೆ ಕಾಡು ಬೆಳೆಸಿಕೊಡುವುದಕ್ಕಿಂತ ಹೆಚ್ಚನ್ನು ನಾವು ತೆಗೆಯಬಾರದು. ತೆಗೆದುದರ ಫಲವು ಕಾಡಿನ ನೆರೆಯಲ್ಲಿ ಬಾಳುವವರಿಗೂ ಮುಟ್ಟಬೇಕು.

ಇಷ್ಟನ್ನು ಹೇಳುವುದು ಸುಲಭ. ಆದರೆ ಕಾಡು ಎಷ್ಟು ಬೆಳೆಯುತ್ತದೆ, ಮರಕ್ಕೆ ಬರುವ ರೋಗವೇನು, ಅದರ ಉತ್ಪನ್ನವನ್ನು ಹೇಗೆ ಸಂಸ್ಕರಿಸಬೇಕು ಎಂಬುದನ್ನು ತಿಳಿಯಲು ಸಂಶೋಧನೆ ಬೇಕು. ಸಂಶೋಧನೆಗೆ ಹಣ ಬೇಕು. ಆ ಹಣವನ್ನು ಯಾರು ಕೊಡಬೇಕು? ವರ್ತಕನು ಕೊಡಲಾರ, ಮರ ಬೆಳೆಯುವ ಅವಧಿ ಅವನ ಲೆಕ್ಕದ ಪುಸ್ತಕಕ್ಕಿಂತ ದೀರ್ಘವಾದುದು. ರೈತನು ಕೊಡಲಾರ, ರೋಗ ಅವನ ಬೇಲಿಯೊಳಗೇ ನಿಲ್ಲುವುದಿಲ್ಲ. ಒಂದೇ ಸರಕಾರ ಕೊಟ್ಟರೂ ಸಾಲದು. ಕಾಡು ಒಂದೇ ಸರಕಾರದ ಎಲ್ಲೆಯೊಳಗೆ ಮುಗಿಯುವುದಿಲ್ಲ. ಆದಕಾರಣ ಹಲವು ಸರಕಾರಗಳು ಹಣವನ್ನು ಕೂಡಿಸಿ, ಹಲವು ಸಂಸ್ಥೆಗಳ ವಿದ್ವಾಂಸರನ್ನು ಒಂದು ಕೆಲಸಕ್ಕೆ ಹಚ್ಚುವ ಪದ್ಧತಿ ಹುಟ್ಟಿತು. ಈ ಪದ್ಧತಿಯ ಗುಣದೋಷಗಳನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಗಂಧದ ಮರದ ಚರಿತ್ರೆಯಲ್ಲಿಯೇ, ಅದೂ ಹೊಸೂರು, ತಾಳವಾಡಿ, ಕೊಡಗುಗಳ ಅಂಚಿನಲ್ಲಿಯೇ, ಅದಕ್ಕೆ ಒಳ್ಳೆಯ ನಿದರ್ಶನವಿದೆ.

ಮರದ ಸ್ವಭಾವ

ಗಂಧದ ಮರ ಸ್ವತಂತ್ರವಾಗಿ ಬಾಳುವ ಮರವಲ್ಲ. ಅದರ ಬೇರುಗಳು ನೆರೆಯ ಗಿಡಮರಗಳ ಬೇರುಗಳನ್ನು ಹಿಡಿದು, ಹೀರುಬೇರುಗಳ ಮೂಲಕ ನೀರನ್ನೂ ಲವಣಗಳನ್ನೂ ಎಳೆದುಕೊಳ್ಳುತ್ತವೆ. ಎಲೆ ಹಸಿರಾಗಿರುವುದರಿಂದ ತನ್ನ ಆಹಾರದ ಬಹುಭಾಗವನ್ನು ಅದು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. ಹಾಗಾಗಿ ಅದನ್ನು ಅರೆಪರಾವಲಂಬಿ ಎನ್ನುತ್ತಾರೆ. 1871ರಲ್ಲಿ ಜಾನ್ ಸ್ಕಾಟ್ ಎಂಬವರು ಈ ಗುಣವನ್ನು ಗುರುತಿಸಿದರು; 20ನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸಿನ ಸಸ್ಯಶಾಸ್ತ್ರಜ್ಞ ಸಿ. ಎ. ಬಾರ್ಬರ್ ಹೀರುಬೇರುಗಳ ರಚನೆಯನ್ನು ವಿವರವಾಗಿ ಬರೆದರು. ಹೊಂಗೆ, ಜಾಲಿ, ಸರ್ವೆ ಮುಂತಾದ ಎಷ್ಟೋ ಮರಗಳು ಇದಕ್ಕೆ ಆಶ್ರಯವಾಗುತ್ತವೆ. ಬೆಲೆಬಾಳುವ ಎಣ್ಣೆ ಇರುವುದು ಚೇಗಿನಲ್ಲಿ. ಹೊರಗಿನ ಬಿಳಿಯ ಕಟ್ಟಿಗೆಗೆ ಪರಿಮಳವಿಲ್ಲ. ಬೇರಿನಲ್ಲಿಯೂ ಎಣ್ಣೆ ಹೇರಳವಾಗಿರುವುದರಿಂದ ಮರವನ್ನು ಕಡಿಯದೆ ಬೇರುಸಹಿತ ಕೀಳುವುದು ವಾಡಿಕೆ.

ಇಂಥ ಮರವನ್ನು 1792ರಲ್ಲಿ ಟಿಪ್ಪು ಸುಲ್ತಾನನು ರಾಜವೃಕ್ಷವೆಂದು ಸಾರಿದನೆಂದು ಹೇಳುತ್ತಾರೆ. ಅಂದಿನಿಂದ ಅದು ಯಾರ ಹೊಲದಲ್ಲಿ ಬೆಳೆದರೂ ಸರಕಾರದ ಸೊತ್ತಾಯಿತು. ಗಂಧದ ಕೋಠಿಗಳಲ್ಲಿ ಕೊರಡುಗಳನ್ನು ವರ್ಗೀಕರಿಸಿ ಹರಾಜು ಹಾಕುವುದು ಮೈಸೂರು ಸಂಸ್ಥಾನಕ್ಕೆ ಒಂದು ದೊಡ್ಡ ಆದಾಯವಾಗಿತ್ತು.

ಯುದ್ಧವೂ ಎಣ್ಣೆಯೂ

1914ರವರೆಗೆ ಮೈಸೂರಿನ ಗಂಧದ ಕೊರಡುಗಳ ಹೆಚ್ಚಿನ ಭಾಗ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮಹಾಯುದ್ಧ ಆರಂಭವಾದೊಡನೆ ಆ ಮಾರುಕಟ್ಟೆ ಮುಚ್ಚಿತು. ಕೊರಡುಗಳು ಕೋಠಿಗಳಲ್ಲಿ ಉಳಿದುವು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಕೈಗಾರಿಕಾ ಇಲಾಖೆಯ ಮುಖ್ಯಸ್ಥರು ಆಲ್‌ಫ್ರೆಡ್ ಚಾಟರ್‌ಟನ್. ಎಣ್ಣೆಯನ್ನು ಇಲ್ಲಿಯೇ ತೆಗೆಯಬಹುದೇ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಿಡಲಾಯಿತು. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಬಟ್ಟಿ ಇಳಿಸುವ ಕ್ರಮವನ್ನು ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಕಾರ್ಖಾನೆ ನಿಂತಿತು. ಮರುವರ್ಷ ಮೈಸೂರಿನಲ್ಲಿ ದೊಡ್ಡದು. ಅದರ ಬೆನ್ನಿಗೇ ಗಂಧದ ಸಾಬೂನಿನ ತಯಾರಿಕೆಯೂ ಬಂದಿತು.

ಇಲ್ಲಿ ಒಂದು ಸಂಗತಿ ಗಮನಾರ್ಹ. ಆ ಸಂಸ್ಥೆ 1909ರಲ್ಲಿ ಸ್ಥಾಪಿತವಾದುದು ಜಮ್‌ಶೇಟ್‌ಜಿ ಟಾಟಾ ಅವರ ಔದಾರ್ಯದಿಂದ. ಅದಕ್ಕೆ 371 ಎಕರೆ ನೆಲವನ್ನೂ ವರ್ಷಕ್ಕೆ 50,000 ರೂಪಾಯಿಗಳ ನೆರವನ್ನೂ ಒದಗಿಸಿದುದು ಮೈಸೂರು ಸಂಸ್ಥಾನ. ಕೊಡುವಾಗ ಗಂಧದೆಣ್ಣೆಯ ಆಲೋಚನೆ ಯಾರಿಗೂ ಇರಲಿಲ್ಲ. ಆದರೆ ಪ್ರಶ್ನೆ ಬಂದಾಗ ಉತ್ತರಿಸುವ ಕೈಗಳೂ ಉಪಕರಣಗಳೂ ಅಲ್ಲಿ ಸಿದ್ಧವಾಗಿದ್ದುವು. ಸಾರ್ವಜನಿಕ ಹಣವು ಸಂಶೋಧನೆಗೆ ಸಲ್ಲುವ ಬಗೆ ಇದು: ಫಲ ಯಾವುದೆಂದು ಮೊದಲೇ ಹೇಳಲಾಗದು, ನೆಲವನ್ನು ಹದಮಾಡಿಡಬಹುದು.

ರೋಗ ಎಲ್ಲೆಯನ್ನು ದಾಟಿತು

ಎಣ್ಣೆಯ ಪ್ರಶ್ನೆ ಎರಡು ಮೂರು ವರ್ಷಗಳಲ್ಲಿ ಬಗೆಹರಿಯಿತು. ರೋಗದ ಪ್ರಶ್ನೆ ಹಾಗಾಗಲಿಲ್ಲ. 19ನೆಯ ಶತಮಾನ ಮುಗಿಯುವ ವೇಳೆಗೆ ಕೊಡಗಿನಲ್ಲಿ ಗಂಧದ ಮರಗಳಿಗೆ ವಿಚಿತ್ರವಾದ ಬೇನೆ ತಗಲಿರುವುದು ಕಂಡುಬಂದಿತು. ಎಲೆ ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಬಿರುಸಾಗಿ, ರೆಂಬೆಗೆ ಮುಳ್ಳಿನಂತೆ ಚಾಚಿ ನಿಲ್ಲುತ್ತದೆ, ಹೂವೂ ಕಾಯೂ ನಿಂತುಹೋಗುತ್ತವೆ, ಹೀರುಬೇರುಗಳು ಸಾಯುತ್ತವೆ, ಲಕ್ಷಣ ಕಂಡ ಎರಡು ಮೂರು ವರ್ಷಗಳಲ್ಲಿ ಮರ ಒಣಗುತ್ತದೆ. ಇದಕ್ಕೆ ಸ್ಪೈಕ್ ರೋಗವೆಂದು ಹೆಸರಾಯಿತು. ಅದು ಮೈಸೂರಿಗೆ ಹಬ್ಬಿತು. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಕೊಯಮತ್ತೂರು, ಸೇಲಂ ಜಿಲ್ಲೆಗಳ ಕಾಡುಗಳಿಗೆ ಹಬ್ಬಿತು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದುದನ್ನೂ ತಾಳವಾಡಿ ಇಂದಿಗೂ ತಮಿಳುನಾಡಿನಲ್ಲಿರುವುದನ್ನೂ ನೆನೆದರೆ, ಆಡಳಿತದ ಗೆರೆಗಳಿಗೂ ಕಾಡಿನ ನಡೆಗೂ ಸಂಬಂಧ ಎಷ್ಟು ಕಡಮೆ ಎಂಬುದು ತಿಳಿಯುತ್ತದೆ. ಮೈಸೂರು ತನ್ನ ಮರಗಳನ್ನು ಎಷ್ಟೇ ಎಚ್ಚರದಿಂದ ಕಾದರೂ ಪಕ್ಕದ ಕಾಡಿನಲ್ಲಿ ರೋಗವಿದ್ದರೆ ಪ್ರಯೋಜನವಿರಲಿಲ್ಲ.

ಕಾರಣವೇನೆಂಬುದರಲ್ಲಿ ಒಮ್ಮತವಿರಲಿಲ್ಲ. ಲಂಟಾನದ ಹಾವಳಿ, ಕಾಳ್ಗಿಚ್ಚು, ಆಶ್ರಯವೃಕ್ಷಗಳ ನಾಶ ಎಂದು ಒಬ್ಬೊಬ್ಬರು ಒಂದೊಂದನ್ನು ಮುಂದಿಟ್ಟರು. ಅಡಕೆಯ ಕೊಳೆರೋಗದ ಮೇಲಣ ಕೆಲಸದಿಂದ ಮಲೆನಾಡಿಗರಿಗೆ ಪರಿಚಿತರಾದ ಲೆಸ್ಲಿ ಕೋಲ್‌ಮನ್ ಅವರು ಮೈಸೂರಿನ ಕೃಷಿ ಇಲಾಖೆಯಲ್ಲಿದ್ದುಕೊಂಡು, ರೋಗದ ರೆಂಬೆಯನ್ನು ಆರೋಗ್ಯವಂತ ಗಿಡಕ್ಕೆ ಕಸಿಮಾಡಿದರೆ ರೋಗ ಅಂಟುವುದೆಂದು 1917ರಲ್ಲಿ ತೋರಿಸಿದರು. ಇದು ಅಂಟುರೋಗವೆಂಬುದು ಇದರಿಂದ ಖಚಿತವಾಯಿತು. ಆದರೆ ಕಾಡಿನಲ್ಲಿ ಯಾರೂ ಕಸಿ ಮಾಡುವುದಿಲ್ಲವಷ್ಟೆ. ಒಂದು ಮರದಿಂದ ಇನ್ನೊಂದಕ್ಕೆ ಅದನ್ನು ಒಯ್ಯುವವರು ಯಾರು?

ಕೂಡಿಸಿದ ಹಣ, ಹಂಚಿಕೊಂಡ ಕೆಲಸ

ಈ ಘಟ್ಟದಲ್ಲಿ ಮೈಸೂರು, ಮದರಾಸು, ಕೊಡಗು ಸರಕಾರಗಳು ಕೂಡಿ ಹಣವೊದಗಿಸಿದುವು. 1920ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯನವರೂ ಅವರ ಸಂಗಡಿಗರೂ ರೋಗದ ಗಿಡದ ರಾಸಾಯನಿಕ ಪರೀಕ್ಷೆಯನ್ನೂ ಕಸಿಯ ಪ್ರಯೋಗಗಳನ್ನೂ ಕೈಗೊಂಡು, ಸಂಸ್ಥೆಯ ಪತ್ರಿಕೆಯಲ್ಲಿ ಲೇಖನಮಾಲೆಯಾಗಿ ಪ್ರಕಟಿಸಿದರು. ಡೆಹ್ರಾಡೂನಿನ ಅರಣ್ಯ ಸಂಶೋಧನ ಸಂಸ್ಥೆ ಕೀಟಗಳ ಸಮೀಕ್ಷೆಯನ್ನು ವಹಿಸಿಕೊಂಡಿತು. ಅರಣ್ಯ ಇಲಾಖೆಗಳು ಕಾಡಿನೊಳಗೆ ಸ್ಥಳವನ್ನೂ ಆಳುಗಳನ್ನೂ ಒದಗಿಸಿದುವು.

ಕೀಟಸಮೀಕ್ಷೆ ನಡೆದ ಮುಖ್ಯ ಸ್ಥಳಗಳು ಮೂರು: ಕೊಡಗಿನ ಫ್ರೇಜರ್‌ಪೇಟೆ, ಅಂದರೆ ಇಂದಿನ ಕುಶಾಲನಗರ, ಆಗಿನ ಉತ್ತರ ಸೇಲಂ ಅರಣ್ಯವಿಭಾಗದ ಅಯ್ಯೂರು ಮತ್ತು ಜವಳಗಿರಿ. ಕೊನೆಯವೆರಡೂ ನಮ್ಮ ಹೊಸೂರು, ಡೆಂಕಣಿಕೋಟೆ ಸೀಮೆಯ ಊರುಗಳು. 1930ರ ಆಸುಪಾಸಿನಲ್ಲಿ ಗಂಧದ ಮರಗಳ ಮೇಲಿನ ಹುಳುಗಳನ್ನು ಕ್ರಮವಾಗಿ ಹಿಡಿದು, ಗುರುತಿಗಾಗಿ ತಜ್ಞರಿಗೆ ಕಳುಹಿಸಿಕೊಟ್ಟರು. ಅವುಗಳಲ್ಲಿ ಅದುವರೆಗೆ ವಿಜ್ಞಾನಕ್ಕೆ ತಿಳಿಯದಿದ್ದ ಜಾತಿಗಳೂ ಇದ್ದುವು. ಅವು ಮೊದಲು ದೊರೆತ ಸ್ಥಳವೆಂದು ಅಯ್ಯೂರು, ಜವಳಗಿರಿಗಳ ಹೆಸರು ಕೀಟಶಾಸ್ತ್ರದ ಗ್ರಂಥಗಳಲ್ಲಿ ಇಂದಿಗೂ ನಿಂತಿದೆ. ಆ ಊರುಗಳ ಶಾಲೆಯ ಮಕ್ಕಳಿಗೆ ಇದನ್ನು ತಿಳಿಸಬೇಡವೇ?

ಕೀಟಗಳು ನುಸುಳಲಾರದ ಬಲೆಯ ಗೂಡುಗಳಲ್ಲಿ ಗಿಡಗಳನ್ನಿಟ್ಟು, ಒಂದೊಂದು ಜಾತಿಯ ಹುಳುವನ್ನು ಬಿಟ್ಟು ಪರೀಕ್ಷಿಸುವುದು ದೀರ್ಘ ತಾಳ್ಮೆಯ ಕೆಲಸ. 1941ರಲ್ಲಿ ರಂಗಸ್ವಾಮಿ ಮತ್ತು ಗ್ರಿಫಿತ್ ಒಂದು ಬಗೆಯ ಜಿಗಿಹುಳು ರೋಗವನ್ನು ಒಯ್ಯುವುದೆಂದು ಪ್ರಕಟಿಸಿದರು. ಬೇರೆ ಜಾತಿಯ ಜಿಗಿಹುಳುಗಳ ಮೇಲೂ ಮುಂದಿನ ಸಂಶೋಧಕರು ಬೆರಳು ತೋರಿಸಿದ್ದಾರೆ.

ಹುಳು ಒಯ್ಯುವುದಾದರೂ ಏನನ್ನು? ಬಹುಕಾಲ ವೈರಸ್ ಎಂದೇ ನಂಬಿದ್ದರು. ಉತ್ತರದ ದಾರಿ ತೆರೆದುದು ಜಪಾನಿನಲ್ಲಿ. 1967ರಲ್ಲಿ ಅಲ್ಲಿನ ದೋಯಿ ಮತ್ತು ಸಂಗಡಿಗರು ಹಿಪ್ಪುನೇರಳೆಯ ಕುಬ್ಜರೋಗ ಮುಂತಾದವುಗಳಲ್ಲಿ, ಗೋಡೆಯಿಲ್ಲದ ಬ್ಯಾಕ್ಟೀರಿಯದಂಥ ಜೀವಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಎರಡೇ ವರ್ಷಗಳಲ್ಲಿ, 1969ರಲ್ಲಿ, ಮೂರು ಬೇರೆ ಬೇರೆ ತಂಡಗಳು ರೋಗಪೀಡಿತ ಗಂಧದಲ್ಲಿಯೂ ಅಂಥವನ್ನೇ ಕಂಡುವು. ಈಗ ಅವನ್ನು ಫೈಟೊಪ್ಲಾಸ್ಮಾ ಎನ್ನುತ್ತಾರೆ. ಟೆಟ್ರಾಸೈಕ್ಲಿನ್ ಔಷಧಿಯನ್ನು ಕಾಂಡಕ್ಕೆ ಚುಚ್ಚಿದರೆ ಮರ ಕೆಲಕಾಲ ಚೇತರಿಸಿಕೊಂಡು ಮತ್ತೆ ರೋಗಕ್ಕೆ ಬೀಳುತ್ತದೆ. ಕಾಡಿಗೆಲ್ಲ ಹಚ್ಚಬಹುದಾದ ಮದ್ದು ಇನ್ನೂ ದೊರೆತಿಲ್ಲ.

ಈ ಪದ್ಧತಿಯಿಂದ ಕಲಿಯತಕ್ಕುದು

ರೋಗ ಕಂಡಂದಿನಿಂದ ಅದರ ಮೂಲ ತಿಳಿಯುವವರೆಗೆ 70 ವರ್ಷ ಕಳೆಯಿತು. ಹಾಗಾದರೆ ಹಣ ವ್ಯರ್ಥವಾಯಿತೇ? ಇಲ್ಲ. ಕಸಿಯ ಪ್ರಯೋಗ, ಕೀಟಗಳ ಪಟ್ಟಿ, ರೋಗ ಹಬ್ಬಿದ ಸ್ಥಳಗಳ ದಾಖಲೆ, ಇವು ಇಲ್ಲದಿದ್ದರೆ 1969ರಲ್ಲಿ ಸೂಕ್ಷ್ಮದರ್ಶಕದಡಿ ಏನನ್ನು ಇಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ಎಲ್ಲವೂ ಪ್ರಕಟವಾಗಿದ್ದುದರಿಂದ ಮುಂದಿನವರು ಮೊದಲಿನಿಂದ ಆರಂಭಿಸಬೇಕಾಗಲಿಲ್ಲ. ಸಾರ್ವಜನಿಕ ಹಣದಿಂದ ದೊರೆತ ತಿಳಿವು ಸಾರ್ವಜನಿಕವಾಗಿಯೇ ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ.

ಯುರೋಪಿನ ಹಲವು ದೇಶಗಳು 2017ರಲ್ಲಿ ಆರಂಭಿಸಿದ 'ಫಾರೆಸ್ಟ್‌ವ್ಯಾಲ್ಯೂ' ಎಂಬ ಏರ್ಪಾಡು ಇದೇ ತತ್ತ್ವದ ಇಂದಿನ ರೂಪ. ಅರಣ್ಯಾಧಾರಿತ ಜೈವಿಕ ಅರ್ಥವ್ಯವಸ್ಥೆಗಾಗಿ ಸಂಶೋಧನೆಯ ಪ್ರಸ್ತಾವಗಳನ್ನು ಒಟ್ಟಾಗಿ ಆಹ್ವಾನಿಸುತ್ತಾರೆ. ಒಂದಕ್ಕಿಂತ ಹೆಚ್ಚು ದೇಶಗಳವರು ಸೇರಿದ ತಂಡಗಳಿಗೇ ನೆರವು. ಪ್ರತಿ ದೇಶವೂ ಮುಖ್ಯವಾಗಿ ತನ್ನ ಸಂಶೋಧಕರ ವೆಚ್ಚವನ್ನು ಹೊರುತ್ತದೆ. ಯುರೋಪಿಯನ್ ಒಕ್ಕೂಟ ಅದರ ಮೇಲೆ ಒಂದಿಷ್ಟನ್ನು ಕೂಡಿಸುತ್ತದೆ. ಇದರಲ್ಲಿ ಯಾರ ಹಣವೂ ಎಲ್ಲೆ ದಾಟಿದಂತಾಗುವುದಿಲ್ಲ, ತಿಳಿವು ಮಾತ್ರ ದಾಟುತ್ತದೆ. ಹಣದ ಮಾತು ಬಂದಾಗ ರಾಜ್ಯ ರಾಜ್ಯಗಳ ನಡುವೆ ಏಳುವ ಸಂಶಯಕ್ಕೆ ಇದು ಒಳ್ಳೆಯ ಪರಿಹಾರ.

ನಮ್ಮ ಗಂಧದ ಕಥೆಯಲ್ಲಿ ಒಂದು ಕೊರತೆಯೂ ಇತ್ತು. ವಿಜ್ಞಾನಕ್ಕೆ ಹಣ ಕೊಟ್ಟ ಸರಕಾರ, ಮರ ಬೆಳೆದ ರೈತನಿಗೆ ಒಡೆತನವನ್ನು ಕೊಡಲಿಲ್ಲ. ಹೊಲದಲ್ಲಿ ಗಂಧದ ಸಸಿ ಹುಟ್ಟಿದರೆ ಅದು ಕಾವಲಿನ ತೊಂದರೆ, ಇಲಾಖೆಯ ವಿಚಾರಣೆ. ಅದನ್ನು ಬೆಳೆಸುವ ಉತ್ಸಾಹ ಯಾರಿಗಿರುತ್ತದೆ? ರೋಗದ ಜೊತೆಗೆ ಕಳ್ಳಸಾಗಣೆ ಸೇರಿತು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸತ್ಯಮಂಗಲ, ಮಲೆಯ ಮಹದೇಶ್ವರ ಬೆಟ್ಟದ ಕಾಡುಗಳ ಅಂಚಿನವರು ಅನುಭವಿಸಿದುದನ್ನು ತಾಳವಾಡಿಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. 1998ರಲ್ಲಿ ಗಂಧವು ಅಳಿವಿನ ಭಯವುಳ್ಳ ಮರಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿತು. ಕರ್ನಾಟಕ 2001ರಲ್ಲಿ, ತಮಿಳುನಾಡು 2002ರಲ್ಲಿ ಕಾನೂನನ್ನು ತಿದ್ದಿ, ನೆಲದ ಒಡೆಯನೇ ಮರದ ಒಡೆಯನೆಂದು ಒಪ್ಪಿದುವು. ಈಗ ಖಾಸಗಿ ತೋಟಗಳಲ್ಲಿ ಗಂಧದ ಕೃಷಿ ನಡೆಯುತ್ತಿದೆ. ಆದರೆ ರೋಗದ ಪ್ರಶ್ನೆ ಕಾಡಿನಿಂದ ತೋಟಕ್ಕೂ ಬರಬಹುದಾದುದರಿಂದ ಸಂಶೋಧನೆಯ ಅಗತ್ಯ ಇಮ್ಮಡಿಯಾಗಿದೆ.

ಆ ಕೆಲಸ ನಿಂತಿಲ್ಲ. ಮೈಸೂರು ಸಂಸ್ಥಾನ 1938ರಲ್ಲಿ ಬೆಂಗಳೂರಿನಲ್ಲಿ ತೆರೆದ ಅರಣ್ಯ ಪ್ರಯೋಗಶಾಲೆ ಮುಂದೆ ಕೇಂದ್ರ ಸರಕಾರಕ್ಕೆ ಸೇರಿ, 1988ರಲ್ಲಿ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಿ ಬೆಳೆಯಿತು. ಕೇರಳದ ಮರಯೂರಿನ ಗಂಧದ ಕಾಡಿಗೂ ಸ್ಪೈಕ್ ಬಂದ ಮೇಲೆ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನ ಸಂಸ್ಥೆಯೂ ಈ ವಿಷಯದಲ್ಲಿ ದುಡಿದಿದೆ. 2020ರಲ್ಲಿ ಆಯುಷ್ ಸಚಿವಾಲಯದ 50 ಲಕ್ಷ ರೂಪಾಯಿಗಳ ನೆರವಿನಿಂದ ಬೆಂಗಳೂರಿನ ಎರಡು ಸಂಸ್ಥೆಗಳು ಈ ರೋಗದ ಮೇಲೆ ಕೂಡಿ ಕೆಲಸಮಾಡುವುದಾಗಿ ಪತ್ರಿಕೆಗಳು ವರದಿಮಾಡಿದುವು. ಮೊತ್ತ ದೊಡ್ಡದಲ್ಲ, ಮೂರು ವರ್ಷಗಳ ಯೋಜನೆ ಮೂವತ್ತು ವರ್ಷ ಬೆಳೆಯುವ ಮರದ ಪ್ರಶ್ನೆಗೆ ಸಾಕೇ ಎಂಬುದು ಯೋಚಿಸತಕ್ಕ ವಿಷಯ.

ಉಪಾಧ್ಯಾಯರ ಪಾಲು

ಗಡಿನಾಡಿನ ಉಪಾಧ್ಯಾಯರಿಗೆ ಇದರಲ್ಲಿ ಏನು ಕೆಲಸ ಎಂದು ಕೇಳಬಹುದು. ಹಣ ಕೊಡುವುದು ನಮ್ಮ ಕೈಯಲ್ಲಿಲ್ಲ. ತಿಳಿವನ್ನು ಕೂಡಿಸುವುದು ನಮ್ಮ ಕೈಯಲ್ಲಿದೆ. ಗಂಧದ ಮೇಲಣ ಹಿಂದಿನ ವರದಿಗಳೆಲ್ಲ ಇಂಗ್ಲಿಷಿನಲ್ಲಿವೆ. ಅವುಗಳ ಸಾರವನ್ನು ಕನ್ನಡದಲ್ಲಿ ಬರೆದು ಊರವರ ಮುಂದಿಡಬಹುದು. ಗಂಧದ ಸಸಿ ಯಾವ ಗಿಡದ ನೆರೆಯಲ್ಲಿ ಸೊಂಪಾಗಿ ಬೆಳೆಯುತ್ತದೆ, ಎಲ್ಲಿ ಎಲೆ ಕಿರಿದಾಗತೊಡಗಿದೆ ಎಂಬುದನ್ನು ಕುರಿ ಕಾಯುವವರೂ ಸೋಲಿಗರೂ ಇರುಳರೂ ಎಲ್ಲರಿಗಿಂತ ಮೊದಲು ಕಾಣುತ್ತಾರೆ. ಅವರು ಹೇಳುವುದನ್ನು, ಗಿಡಗಳಿಗೆ ಅವರು ಕೊಟ್ಟ ಹೆಸರುಗಳೊಡನೆ, ತಾರೀಖು ಹಾಕಿ ಶಾಲೆಯ ಪುಸ್ತಕವೊಂದರಲ್ಲಿ ಬರೆದಿಟ್ಟರೆ ಹತ್ತು ವರ್ಷಗಳಲ್ಲಿ ಅದು ಅಮೂಲ್ಯವಾದ ದಾಖಲೆಯಾಗುತ್ತದೆ. ಜವಳಗಿರಿಯ ಶಾಲೆಯೂ ಕುಶಾಲನಗರದ ಶಾಲೆಯೂ ತಾಳವಾಡಿಯ ಶಾಲೆಯೂ ಇಂಥ ಪುಸ್ತಕಗಳನ್ನಿಟ್ಟು ವರ್ಷಕ್ಕೊಮ್ಮೆ ಪರಸ್ಪರ ಹೋಲಿಸಿ ನೋಡಿದರೆ, ಅಂದು ಮೂರು ಸರಕಾರಗಳು ಆರಂಭಿಸಿದ ಕೆಲಸದ ಒಂದು ಪಾಲನ್ನು ಮೂರು ಶಾಲೆಗಳು ಮುಂದುವರಿಸಿದಂತಾಗುತ್ತದೆ. ಈ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಚರ್ಚಿಸಬೇಕೆಂದು ಸವಿನಯವಾಗಿ ಸೂಚಿಸುತ್ತೇನೆ.