ಒಂದೇ ಜಗಲಿಯಲ್ಲಿ ಎರಡು ಮಗ್ಗಿ

ತಾಳವಾಡಿಯವರಿಗೆ ಚಾಮರಾಜನಗರವೆಂದರೆ ಸಂತೆಗೆ ಹೋಗಿ ಬಂದಷ್ಟು ಹತ್ತಿರ. ತಮ್ಮದೇ ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ಮಾತ್ರ ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಿ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮನೆಮಾತು ಕನ್ನಡ, ಕಚೇರಿ ಮಾತು ತಮಿಳು. ಅಣ್ಣಾವ್ರ ಗಾಜನೂರು ಇರುವುದು ಇಲ್ಲೇ. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಹೊತ್ತೊಯ್ದ ಮೇಲಷ್ಟೇ ನಮ್ಮ ಕಡೆಯ ಎಷ್ಟೋ ಮಂದಿಗೆ ಈ ಸೀಮೆಯ ಹೆಸರು ಗೊತ್ತಾಯಿತು ಎಂಬುದು ಬೇಸರದ ಮಾತು.

ಮೈಸೂರು, ಬೆಂಗಳೂರಿನಲ್ಲಿ ಈಗ ಬೀದಿಗೊಂದು 'ಇಂಟರ್‌ನ್ಯಾಷನಲ್' ಸ್ಕೂಲು. ಮಕ್ಕಳಿಗೆ ಜಗತ್ತಿನ ಜನರನ್ನೆಲ್ಲ ತಮ್ಮವರೆಂದು ಕಾಣುವ ಗುಣ ಕಲಿಸುತ್ತೇವೆಂದು ಬೋರ್ಡು ಹಾಕಿರುತ್ತಾರೆ, ಫೀಜೂ ಅದಕ್ಕೆ ತಕ್ಕಂತೆ. ಆ ಗುಣ ಬಿಟ್ಟಿಯಾಗಿ ಸಿಗುವ ಜಾಗವೊಂದಿದೆ ಅಂತ ಗೆಳೆಯರೊಬ್ಬರು ಹೇಳಿದ್ದರಿಂದ ಈ ಬೆಟ್ಟದ ಸರ್ಕಾರಿ ಮಿಡ್ಲ್ ಸ್ಕೂಲೊಂದಕ್ಕೆ ಹೋಗಿದ್ದೆ. ಹೆಡ್ ಮೇಷ್ಟ್ರು ಮೊದಲೇ ಹೇಳಿಬಿಟ್ಟರು: "ಸ್ಕೂಲ್ ಹೆಸ್ರು, ನನ್ ಹೆಸ್ರು ಎರಡೂ ಬ್ಯಾಡ ಸಾರ್." ಯಾಕೆಂದು ಮುಂದೆ ತಿಳಿಯುತ್ತದೆ.

ಜಗಲಿಯ ಎಡಗಡೆ ಕನ್ನಡ ವಿಭಾಗ, ಬಲಗಡೆ ತಮಿಳು. ಲಿಂಗಾಯತರ ಮಕ್ಕಳು, ಸೋಲಿಗರ ಮಕ್ಕಳು, ಊರಾಳಿಗಳು, ಘಾಟಿಯ ಕೆಳಗಿಂದ ಬಂದು ನೆಲೆನಿಂತ ತಮಿಳರ ಮಕ್ಕಳು. ಬೆಳಿಗ್ಗೆ ಈ ಕಡೆಯಿಂದ "ಏಳೆರಡ್ಲ ಹದಿನಾಕು" ಅಂದರೆ ಆ ಕಡೆಯಿಂದ "ಈರೇಳ್ ಪದಿನಾಲು". ಎರಡೂ ಕಡೆಯವರಿಗೆ ಎರಡೂ ಮಗ್ಗಿ ಬಾಯಿಗೆ ಬಂದುಬಿಟ್ಟಿದೆ, ಯಾರೂ ಕಲಿಸಿದ್ದಲ್ಲ.

ಪ್ರಾರ್ಥನೆಗೆ ತಮಿಳ್ ತಾಯ್ ವಾಳ್ತು. ಇದು 1891ರಲ್ಲಿ ಸುಂದರಂ ಪಿಳ್ಳೆಯವರು ಬರೆದ 'ಮನೋನ್ಮಣೀಯಂ' ನಾಟಕದ್ದು. ಮೂಲದಲ್ಲಿ ಕನ್ನಡ, ತೆಲುಗು, ಮಲಯಾಳ, ತುಳು ಎಲ್ಲವೂ ತಮಿಳಿನ ಹೊಟ್ಟೆಯಲ್ಲೇ ಹುಟ್ಟಿದವು ಎಂಬ ಮಾತಿದೆ. 1970ರಲ್ಲಿ ತಮಿಳುನಾಡು ಸರ್ಕಾರ ಇದನ್ನು ನಾಡಿನ ಪ್ರಾರ್ಥನೆಯಾಗಿ ಎತ್ತಿಕೊಂಡಾಗ ಆ ಸಾಲುಗಳನ್ನು ಬಿಟ್ಟೇ ತೆಗೆದುಕೊಂಡಿತು. ಪಕ್ಕದ ಮನೆಯವರಿಗೆ ನೋವಾಗುವ ಮಾತನ್ನು ಪ್ರಾರ್ಥನೆಯಲ್ಲಿ ಹೇಳದಿರುವುದು ದೊಡ್ಡತನವೆಂದೇ ನನ್ನ ಎಣಿಕೆ. ಗಡಿ ವಿಚಾರದಲ್ಲಿ ಕೂಗಾಡುವ ನಮ್ಮ ಕಡೆಯವರೂ ಇದನ್ನು ತಿಳಿದಿರುವುದು ಒಳ್ಳೆಯದು.

ಕಾವೇರಿ ಗಲಾಟೆ ಟಿವಿಯಲ್ಲಿ ಬಂದ ವಾರ ಇಲ್ಲೂ ಹುಡುಗರು ಕ್ರಿಕೆಟ್ಟಿಗೆ ಕನ್ನಡದ ಟೀಮು, ತಮಿಳು ಟೀಮು ಅಂತ ಒಡೆದುಕೊಂಡಿದ್ದರಂತೆ. ಮೇಷ್ಟ್ರು ಬೈಯಲಿಲ್ಲ, ಬುದ್ಧಿ ಹೇಳಲೂ ಇಲ್ಲ. ಹಾಜರಿ ಪುಸ್ತಕ ತರಿಸಿ ಬೆಸ ಸಂಖ್ಯೆಯವರೆಲ್ಲ ಒಂದು ಟೀಮು, ಸರಿ ಸಂಖ್ಯೆಯವರು ಇನ್ನೊಂದು ಅಂದರು. ಇವತ್ತಿಗೂ ಅದೇ ಲೆಕ್ಕ. ಹಾಡಿಯಿಂದ ಹೊಸದಾಗಿ ಬಂದು ಬಾಯೇ ಬಿಡದೆ ಕೂರುವ ಮಗುವಿಗೆ ಏಳನೇ ಕ್ಲಾಸಿನ ಒಬ್ಬರು ಜೊತೆ. ಮೂರು ತಿಂಗಳು ಊಟಕ್ಕೆ, ನೀರಿಗೆ, ಆಟಕ್ಕೆ ಅವರೇ ಕರೆದೊಯ್ಯಬೇಕು. 2022ರಲ್ಲಿ ಬೆಳಗಿನ ತಿಂಡಿ ಯೋಜನೆ ಬಂದಾಗ ಅದು 1ರಿಂದ 5ನೇ ತರಗತಿಗೆ ಮಾತ್ರ. ಕಾಡುದಾರಿ ನಡೆದು ಬರುವ ಆರನೇ ಕ್ಲಾಸಿನವನ ಹೊಟ್ಟೆ ಸರ್ಕಾರದ ಲೆಕ್ಕಕ್ಕೆ ಬರಲಿಲ್ಲ. ಚಿಕ್ಕವರಿಗೆ ಬಡಿಸುವ ಕೆಲಸವನ್ನು ಮೇಷ್ಟ್ರು ಅಂಥವರಿಗೇ ವಹಿಸಿದ್ದಾರೆ. ಬಡಿಸಿದವರು ಹಸಿದು ಕೂರಬಾರದು ಅನ್ನೋದು ಅಡುಗೆ ಅಮ್ಮನ ಕಾನೂನು!

ಈಗ ಹೆಸರು ಬೇಡ ಅಂದದ್ದರ ವಿಚಾರ. 2006ರ ತಮಿಳು ಕಲಿಕೆ ಕಾನೂನಿನಂತೆ ಒಂದನೇ ತರಗತಿಯಿಂದ ಎಲ್ಲರಿಗೂ ತಮಿಳು ಕಡ್ಡಾಯ. ಮೊದಲ ತಂಡ 2016ರಲ್ಲಿ ಹತ್ತನೇ ತರಗತಿಗೆ ಕೂರುವ ಹೊತ್ತಿಗೆ ಭಾಷಾ ಅಲ್ಪಸಂಖ್ಯಾತರು ಹೈಕೋರ್ಟಿಗೆ ಹೋಗಿ ವಿನಾಯಿತಿ ತಂದರು. 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೊಂದು ವರ್ಷ ಮುಂದುವರಿಸಿತು. ಹೀಗೆ ವರ್ಷ ವರ್ಷವೂ ಕೋರ್ಟಿನ ಬಾಗಿಲು ನೋಡುವುದು ಮಕ್ಕಳಿಗೆ ತರವೇ? ತಮಿಳು ಕಲಿಯುವುದಕ್ಕೆ ಇಲ್ಲಿ ಯಾರ ತಕರಾರೂ ಇಲ್ಲ. "ತಮಿಳು ಬರ್ದೆ ನಮ್ಗೆ ಕೆಲ್ಸ ಯಾರ್ ಕೊಟ್ಟಾರು ಬುಡಿ," ಅಂದರು ಕೋಸು ಬೆಳೆಯುವ ತಂದೆಯೊಬ್ಬರು. ತಕರಾರು ಒಂದೇ: ಕನ್ನಡದ ಮಗು ತಮಿಳು ಕಲಿಯಲೇಬೇಕು, ಪಕ್ಕದ ಕೋಣೆಯ ತಮಿಳು ಮಗು ಕನ್ನಡದ ಒಂದಕ್ಷರವನ್ನೂ ಕಲಿಯಬೇಕಿಲ್ಲ.

ಅದಕ್ಕೇ ಶುಕ್ರವಾರ ಮಧ್ಯಾಹ್ನ ಕನ್ನಡದ ಟೀಚರಮ್ಮ ತಮಿಳು ವಿಭಾಗಕ್ಕೆ ಹೋಗಿ ಅ ಆ ಇ ಈ ತಿದ್ದಿಸುತ್ತಾರೆ. ಟೈಮ್ ಟೇಬಲ್ಲಿನಲ್ಲಿ ಇಲ್ಲದ ಪಿರಿಯಡ್ಡು. ನಾನು ಹೋದ ದಿನ ತಮಿಳು ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಗೆಳತಿಯ ಹೆಸರನ್ನು ಕನ್ನಡದಲ್ಲಿ ಬರೆದಳು, ಒತ್ತಕ್ಷರ ತಪ್ಪಿತ್ತು. ಗೆಳತಿ ಎದ್ದು ಬಂದು ತಿದ್ದಿದಳು.

ಪ್ರತಿ ಫೆಬ್ರವರಿ 21ರಂದು ಜಗತ್ತು ಮಾತೃಭಾಷಾ ದಿನ ಆಚರಿಸುತ್ತದೆ. 1952ರಲ್ಲಿ ಢಾಕಾದಲ್ಲಿ ಬಂಗಾಳಿಗಾಗಿ ಗುಂಡಿಗೆ ಎದೆಯೊಡ್ಡಿದ ವಿದ್ಯಾರ್ಥಿಗಳ ನೆನಪಿಗೆ ಯುನೆಸ್ಕೊ 1999ರಲ್ಲಿ ಗೊತ್ತುಮಾಡಿದ ದಿನ ಅದು. ಈ ಶಾಲೆಯಲ್ಲಿ ಅಂದು ಭಾಷಣವಿಲ್ಲ. ಕನ್ನಡದವರು ತಮಿಳಿನಲ್ಲಿ, ತಮಿಳರು ಕನ್ನಡದಲ್ಲಿ ಪೇಪರ್ ಓದುತ್ತಾರೆ. ಸೋಲಿಗರ ಮಕ್ಕಳು ತಮ್ಮ ಮಾತಿನಲ್ಲಿ ಒಂದು ಕಥೆ ಹೇಳುತ್ತಾರೆ, ಮಿಕ್ಕವರು ಸುಮ್ಮನೆ ಕೂತು ಕೇಳಬೇಕು.

ಬರುವ ವರ್ಷ ಹೆಡ್ ಮೇಷ್ಟ್ರಿಗೆ ನಿವೃತ್ತಿ. ಶುಕ್ರವಾರದ ಪಿರಿಯಡ್ಡನ್ನು ಮುಂದಿನವರಿಗೆ ಒಪ್ಪಿಸಲು ಕಾಗದಪತ್ರ ಯಾವುದೂ ಇಲ್ಲ. ಅದನ್ನು ನಿಲ್ಲಿಸಬೇಡಿರೆಂದು ಕೆಲವು ತಾಯಂದಿರು ಎರಡೂ ಭಾಷೆಯಲ್ಲಿ ಅರ್ಜಿ ಬರೆಸಿದ್ದಾರೆ. ನಾನು ಹೊರಡುವಾಗ ಅದರಲ್ಲಿ ಹನ್ನೊಂದು ಸಹಿ, ನಾಲ್ಕು ಹೆಬ್ಬೆಟ್ಟು ಬಿದ್ದಿದ್ದವು.